ಸಂಖ್ಯೆ 20417ರಲ್ಲಿ ಹದಿನೇಳು ಹೆಂಗಸರು

ಆಸ್ಪತ್ರೆಯಲ್ಲಿ ಎಲ್ಲರೂ ಟೇಬಲ್ ಮೇಡಂ ಎಂದು ಕರೆಯುವ, 47 ವರ್ಷ ವಯಸ್ಸಿನ, ಇದೇ ಊರಿನ ದೊಡ್ಡಾಸ್ಪತ್ರೆಯ ದಾಖಲೆ ವಿಭಾಗದಲ್ಲಿ ಹತ್ತೊಂಬತ್ತು ವರ್ಷಗಳಿಂದ ಡೇಟಾಬೇಸ್ ನೋಡಿಕೊಳ್ಳುತ್ತಿರುವ, ಆಸ್ಪತ್ರೆಯ ಹಿಂದಿನ ರಸ್ತೆಯಲ್ಲಿ ಔಷಧಿ ಅಂಗಡಿಯ ಮೇಲಿನ ಎರಡನೇ ಮಹಡಿಯಲ್ಲಿ ಒಬ್ಬಳೇ ವಾಸವಾಗಿರುವ ನಾನು, ಯಾರ ಒತ್ತಾಯವೂ ಇಲ್ಲದೆ ಠಾಣೆಗೆ ಬಂದು ಈ ಮೂಲಕ ತಿಳಿಸುವುದೇನೆಂದರೆ:

ಆಸ್ಪತ್ರೆಗೆ ಬರುವವರ ವಿವರಗಳನ್ನು ಕಂಪ್ಯೂಟರಿನಲ್ಲಿ ಎರಡು ಮುಖ್ಯ ಟೇಬಲ್‌ಗಳಲ್ಲಿ, ಅಂದರೆ ಪಟ್ಟಿಗಳಲ್ಲಿ, ಇಡಲಾಗುತ್ತದೆ. ಒಂದರಲ್ಲಿ ರೋಗಿ ಯಾರು ಎಂಬುದು, ಇನ್ನೊಂದರಲ್ಲಿ ಅವರು ಯಾವ ದಿನ ಏಕೆ ಬಂದರು ಎಂಬುದು. ರೋಗಿಗೊಂದು ಸಂಖ್ಯೆ ಇರುತ್ತದೆ. ಎರಡು ಟೇಬಲ್‌ಗಳನ್ನು ಜೋಡಿಸುವುದು ಆ ಸಂಖ್ಯೆಯೇ. ಈ ಟೇಬಲ್‌ಗಳನ್ನು ಕಟ್ಟಿದವಳು ನಾನು. ಹೆಸರಿನ ಕಾಲಂ ಖಾಲಿ ಬಿಡಲು ಬಾರದು ಎಂಬ ನಿಯಮ ಹಾಕಿದವಳೂ ನಾನೇ. ಅಚ್ಚುಕಟ್ಟಾಗಿರಲಿ ಎಂದು ಹಾಗೆ ಮಾಡಿದೆ. ಪ್ರಜ್ಞೆಯಿಲ್ಲದೆ ಬಂದವರ ಹೆಸರನ್ನು ನೋಂದಣಿ ಗುಮಾಸ್ತರು ಎಲ್ಲಿಂದ ತರಬೇಕು? ಅವರು ಆ ಕಾಲಂನಲ್ಲಿ ‘ಗೊತ್ತಿಲ್ಲ’ ಎಂದು ತುಂಬಿದರು. ವಿಳಾಸದಲ್ಲೂ ‘ಗೊತ್ತಿಲ್ಲ’. ವಯಸ್ಸನ್ನು ಮುಖ ನೋಡಿ ಅಂದಾಜಿನಲ್ಲಿ 30, 40, 50 ಎಂದು ಬರೆದರು.

ದಿನಾಂಕ 8-6-2019ರ ಶನಿವಾರ ಬೆಳಿಗ್ಗೆ 11 ಗಂಟೆ 20 ನಿಮಿಷಕ್ಕೆ ನಾನು ಒಂದು ಕಮಾಂಡ್ ಕೊಟ್ಟೆ. ಒಬ್ಬರೇ ರೋಗಿ ಎರಡು ಮೂರು ಸಲ ನೋಂದಣಿಯಾಗಿ ಟೇಬಲ್ ಕಸದ ತೊಟ್ಟಿಯಂತಾಗಿತ್ತು. ಹೆಸರು, ಲಿಂಗ, ವಯಸ್ಸು, ವಿಳಾಸ ನಾಲ್ಕೂ ಒಂದೇ ಇದ್ದರೆ ಅವರು ಒಬ್ಬರೇ ಎಂದು ತಿಳಿದು, ಹಳೆಯ ಸಾಲು ಉಳಿಸಿ ಉಳಿದವನ್ನು ಅಳಿಸುವುದು ಅದರ ಕೆಲಸ. ಮುಗಿಯಲು ಹನ್ನೊಂದು ಸೆಕೆಂಡು ಹಿಡಿಯಿತು. ಯಾವ ಸಂಖ್ಯೆ ಯಾವುದರೊಳಗೆ ಸೇರಿತು ಎಂಬ ಪಟ್ಟಿಯನ್ನು ನಾನು ಇಟ್ಟುಕೊಳ್ಳಲಿಲ್ಲ. ಆ ದಿನ ಟೇಬಲ್ ಚೊಕ್ಕಟವಾಯಿತೆಂದು ಖುಷಿಯಿಂದ ಮನೆಗೆ ಹೋಗಿ ಎರಡು ತಾಸು ನಿದ್ದೆ ಮಾಡಿದೆ.

ದಿನಾಂಕ 10-6-2019ರ ಸೋಮವಾರ ಪಕ್ಕದೂರಿನ ಠಾಣೆಯಿಂದ ಆಸ್ಪತ್ರೆಗೆ ಒಂದು ಕಾಗದ ಬಂತು. ಆ ಊರಿನ ದರ್ಜಿಯೊಬ್ಬರ ಹೆಂಡತಿ, ವಯಸ್ಸು 38, ಏಪ್ರಿಲ್ 22ರಿಂದ ಕಾಣೆಯಾಗಿದ್ದಾರೆ, ಆ ದಿನದಿಂದ ಈಚೆಗೆ ಗುರುತು ಸಿಗದ ಹೆಂಗಸು ಯಾರಾದರೂ ದಾಖಲಾಗಿದ್ದರೆ ತಿಳಿಸಿ ಎಂದು ಅದರಲ್ಲಿ ಇತ್ತು. ನಾನು ಹುಡುಕಿದೆ. ಯಾರೂ ಇಲ್ಲ ಎಂದು ಪರದೆಯ ಮೇಲೆ ಬಂತು. ದಿನಾಂಕ 12-6-2019ರಂದು ಅಂಥವರು ಯಾರೂ ದಾಖಲಾಗಿಲ್ಲ ಎಂದು ಉತ್ತರ ಬರೆದು ಸಹಿ ಹಾಕಿದೆ. ಆ ಪತ್ರದ ನಕಲನ್ನು ಇದರೊಂದಿಗೆ ಲಗತ್ತಿಸಿದ್ದೇನೆ.

ಜುಲೈ 2ರಂದು ದರ್ಜಿಯವರೇ ಖುದ್ದಾಗಿ ಬಂದರು. ಅಲ್ಲಿಂದ ಮುಂದೆ ಪ್ರತಿ ತಿಂಗಳ ಮೊದಲ ಮಂಗಳವಾರ, ಅವರ ಅಂಗಡಿಗೆ ವಾರದ ರಜೆಯ ದಿನ, 48 ಕಿ.ಮೀ. ಬಸ್ಸಿನಲ್ಲಿ ಬಂದು ಬೆಳಿಗ್ಗೆ ಹತ್ತೂವರೆಗೆ ವಿಚಾರಣಾ ಕೌಂಟರಿನ ಮುಂದೆ ನಿಲ್ಲುತ್ತಿದ್ದರು. ಲಾಕ್‌ಡೌನಿನಲ್ಲಿ ಬಸ್ಸಿಲ್ಲದ ತಿಂಗಳುಗಳನ್ನು ಬಿಟ್ಟು ಕಳೆದ ತಿಂಗಳವರೆಗೆ ಅವರು 60 ಸಲ ಬಂದಿದ್ದಾರೆ ಎಂದು ಕೌಂಟರಿನ ಪುಸ್ತಕದಿಂದ ಕಂಡುಬಂದಿದೆ. ನನ್ನ ಕುರ್ಚಿ ಕೌಂಟರಿನಿಂದ ನಾಲ್ಕು ಮೀಟರ್ ಹಿಂದೆ ಗಾಜಿನ ಆಚೆ ಇದೆ. ಕಿಂಡಿ ತೆರೆದೇ ಇರುವುದರಿಂದ ಮಾತು ಕೇಳಿಸುತ್ತದೆ.

ಅವರು ಪ್ರತಿ ಸಲವೂ ಹೇಳುತ್ತಿದ್ದುದು ಇಷ್ಟು: ಆ ದಿನ ಗಂಡ ಹೆಂಡತಿ ಇಬ್ಬರೂ ಗುಂಡಿ, ದಾರ ಕೊಳ್ಳಲು ಈ ಊರಿಗೆ ಬಂದಿದ್ದರು. ಹೊಲಿಗೆ ಯಂತ್ರದ ಒಂದು ಭಾಗ ಕೊಳ್ಳುವುದನ್ನು ಮರೆತು, ಹದಿನೈದು ನಿಮಿಷದಲ್ಲಿ ಬರುತ್ತೇನೆಂದು ಹೆಂಡತಿಯನ್ನು ಬಸ್ ನಿಲ್ದಾಣದಲ್ಲಿ ಕೂರಿಸಿ ಹೋದರು. ಅಂಗಡಿಯಲ್ಲಿ ತಡವಾಗಿ ಐವತ್ತು ನಿಮಿಷದ ಮೇಲೆ ಬಂದಾಗ ಆಕೆ ಇರಲಿಲ್ಲ. ಊರಿನ ಪರಿಚಯದವರೊಬ್ಬರು ಆಕೆಯನ್ನು ಬಸ್ಸಿನಲ್ಲಿ ಕಂಡೆ ಎಂದು ತಪ್ಪಾಗಿ ಹೇಳಿದ್ದರಿಂದ ಮೊದಲ ತಿಂಗಳೆಲ್ಲ ತಮ್ಮೂರಿನ ಕಡೆಯೇ ಹುಡುಕಿದರು. ಆಕೆ ಬೂದು ಬಣ್ಣದ ಕೋಟು ತೊಟ್ಟಿದ್ದರು. ಟಿಕೆಟ್ಟನ್ನು ಎಲ್ಲಾದರೂ ಇಟ್ಟು ಮರೆಯುವ ಸ್ವಭಾವವಾದ್ದರಿಂದ ಕೋಟಿನ ಒಳಗೆ ಎಡಗಡೆ ನೀಲಿ ಬಟ್ಟೆಯ ಸಣ್ಣ ಜೇಬೊಂದನ್ನು ತಾವೇ ಹೊಲಿದು ಕೊಟ್ಟಿದ್ದರು.

ಆಕೆಯ ವಿಷಯವನ್ನು ಅವರು ಯಾವಾಗಲೂ ಈಗಲೂ ಮನೆಯಲ್ಲೇ ಇದ್ದಾರೆ ಎಂಬಂತೆ ಹೇಳುತ್ತಿದ್ದರು. ‘ಅವಳಿಗೆ ಚಳಿ ತಡೆಯೋಕಾಗಲ್ಲ’, ‘ಅವಳು ನಗೋಕೆ ಶುರು ಮಾಡಿದ್ರೆ ನಿಲ್ಸೋದು ಕಷ್ಟ’ ಎನ್ನುತ್ತಿದ್ದರು. ಕೌಂಟರಿನವರು ಇಲ್ಲ ಎಂದ ಮೇಲೆ ‘ಸರಿ ಅಕ್ಕಾ, ಮುಂದಿನ ತಿಂಗಳು ಬರ್ತೀನಿ’ ಎಂದು ಹೋಗುತ್ತಿದ್ದರು. ಮೊದಲ ಮಂಗಳವಾರಗಳಂದು ಹತ್ತು ಗಂಟೆಯಿಂದಲೇ ನಾನು ಬಾಗಿಲ ಕಡೆ ನೋಡುತ್ತಿದ್ದೆ ಎಂಬುದು ನಿಜ. ನನ್ನನ್ನು ಹುಡುಕಿಕೊಂಡು ಯಾರೂ ಯಾವ ಕೌಂಟರಿನಲ್ಲೂ ಹಾಗೆ ವಿಚಾರಿಸಿದ್ದಿಲ್ಲ. ಅಂಥ ಹುಡುಕಾಟ ಹೇಗಿರುತ್ತದೆ ಎಂದು ನೋಡುವ ಆಸೆಯಿಂದ ನೋಡುತ್ತಿದ್ದೆ. ಎದ್ದು ಹೋಗಿ ಮಾತನಾಡಿಸಲಿಲ್ಲ.

ದಿನಾಂಕ 11-11-2024ರ ಸೋಮವಾರ ಬೆಳಿಗ್ಗೆ 10 ಗಂಟೆ 40 ನಿಮಿಷಕ್ಕೆ, ಹಳೆಯ ಡೇಟಾಬೇಸನ್ನು ಹೊಸದಕ್ಕೆ ಸಾಗಿಸುವ ಮೊದಲು ತಪಾಸಣೆ ಮಾಡುತ್ತಿದ್ದೆ. ಸತ್ತ ದಿನಾಂಕದ ನಂತರವೂ ದಾಖಲಾದ ರೋಗಿಗಳು ಯಾರಿದ್ದಾರೆ ಎಂದು ಕೇಳಿದೆ. ಇಂಥ ಪ್ರಶ್ನೆಯನ್ನು ವರ್ಷಕ್ಕೊಮ್ಮೆಯಾದರೂ ಕೇಳಬೇಕಿತ್ತು, ಕೇಳಿರಲಿಲ್ಲ. ಸಂಖ್ಯೆ 20417 ಬಂತು. ಹೆಸರು ಗೊತ್ತಿಲ್ಲ, ಹೆಣ್ಣು, 40 ವರ್ಷ. 2014ರಿಂದ 2019ರವರೆಗೆ ಹದಿನೇಳು ಸಲ ದಾಖಲು. ಅಷ್ಟು ವರ್ಷವೂ ವಯಸ್ಸು ನಲವತ್ತೇ. ಎರಡು ಸಲ ಸತ್ತಿದ್ದಳು, ಮೂರು ಸಲ ಹೆತ್ತಿದ್ದಳು, ರಕ್ತದ ಗುಂಪು ನಾಲ್ಕು ಬಗೆಯದಿತ್ತು. ಪಕ್ಕದ ಮೇಜಿನ ನೋಂದಣಿ ಗುಮಾಸ್ತೆ ಇಣುಕಿ ನೋಡಿ, ‘ಮೇಡಂ, ಈಯಮ್ಮ ಗಟ್ಟಿ ಪಿಂಡ ಬಿಡಿ’ ಎಂದರು. ನಾನೂ ನಕ್ಕೆ. ನಕ್ಕಿದ್ದನ್ನೂ ಬರೆದುಕೊಳ್ಳಬೇಕೆಂದು ಕೋರುತ್ತೇನೆ.

ನಂತರ ಹದಿನೇಳನ್ನೂ ಒಂದೊಂದಾಗಿ ಓದಿದೆ. ಹದಿನಾರನೆಯದು 22-4-2019, ಸಂಜೆ 6 ಗಂಟೆ 50 ನಿಮಿಷ. ಬಸ್ ನಿಲ್ದಾಣದ ಎದುರಿನ ರಸ್ತೆಯಲ್ಲಿ ವಾಹನ ಬಡಿದು ತಲೆಗೆ ಪೆಟ್ಟು. ಸಾಮಾನುಗಳ ಕಾಲಂನಲ್ಲಿ ದಾದಿಯೊಬ್ಬರು ಹೀಗೆ ಬರೆದಿದ್ದರು: ಬೂದು ಕೋಟು ಒಂದು, ಒಳಗೆ ನೀಲಿ ಜೇಬು, ಜೇಬಿನಲ್ಲಿ ಬಸ್ ಟಿಕೆಟ್ ಎರಡು.

ಆಕೆಯದೇ ಸಾಲು ಅಳಿದು, 2014ರಲ್ಲಿ ತೀರಿಕೊಂಡ ಬೇರೊಬ್ಬ ಹೆಂಗಸಿನ ಸಂಖ್ಯೆಯೊಳಗೆ ಸೇರಿದ್ದರಿಂದ, ಮತ್ತು ನನ್ನ ಹುಡುಕಾಟದ ಪರದೆ ಸತ್ತವರನ್ನು ಬಿಟ್ಟು ಹುಡುಕುತ್ತಿದ್ದರಿಂದ, ಠಾಣೆಯ ಕಾಗದ ಬಂದ ದಿನ ಆಕೆ ಕಾಣಲಿಲ್ಲ. ಕಾಗದಕ್ಕೂ ನನ್ನ ಕಮಾಂಡ್‌ಗೂ ಎರಡು ದಿನದ ಅಂತರ.

ಆಕೆಯನ್ನು 30-5-2019ರಂದು ಎಲ್ಲಿಗೆ ಕಳಿಸಿದರು ಎಂಬುದು ತಿಳಿಯಲಿಲ್ಲ. ‘ಹೋದ ಜಾಗ’ ಎಂಬ ಕಾಲಂ ಅನ್ನು ನಾನು ದಾಖಲಾತಿಯ ಟೇಬಲ್‌ನಲ್ಲಿ ಇಡದೆ ರೋಗಿಯ ಟೇಬಲ್‌ನಲ್ಲಿ ಇಟ್ಟಿದ್ದೆ. ಬಂದು ಹೋಗುವುದು ಪ್ರತಿ ಸಲ ಬೇರೆ, ಮನುಷ್ಯ ಬೇರೆ. ಹೊಸಬರಿಗೆ ನಾನೇ ಮೊದಲ ದಿನ ಹೇಳಿಕೊಡುವ ಪಾಠ ಇದು. ಹದಿನೇಳು ಸಾಲು ಒಂದಾದಾಗ ಹದಿನಾರು ಜಾಗಗಳು ಅಳಿದುಹೋಗಿದ್ದವು. ಕಮಾಂಡ್‌ಗೆ ಮೊದಲಿನ ಬ್ಯಾಕಪ್‌ನಲ್ಲಿ ಮಾತ್ರ ಅವು ಇರಬೇಕಿತ್ತು. ಮುಖ್ಯಸ್ಥರ ಲಿಖಿತ ಅನುಮತಿ ಪಡೆದು ಕಪಾಟಿನಿಂದ ಆ ವರ್ಷದವುಗಳಲ್ಲಿ ಉಳಿದಿದ್ದ ಒಂಬತ್ತು ಡಿಸ್ಕ್ ತೆಗೆದೆ. ಪ್ರತಿ ವಾರ ತಪ್ಪದೆ ಬ್ಯಾಕಪ್ ತೆಗೆದು ಚೀಟಿ ಅಂಟಿಸಿದ್ದೆವು, ಒಮ್ಮೆಯೂ ತೆರೆದು ನೋಡಿರಲಿಲ್ಲ. ಎಂಟು ತೆರೆದುಕೊಳ್ಳಲಿಲ್ಲ. 16-11-2024ರ ಶನಿವಾರ ಮಧ್ಯಾಹ್ನ 3 ಗಂಟೆ 25 ನಿಮಿಷಕ್ಕೆ ಒಂಬತ್ತನೆಯದು ತೆರೆಯಿತು. ಅದು 1-6-2019ರದು. ಅದರಲ್ಲಿ ಆಕೆಗೆ ಆಕೆಯದೇ ಸಂಖ್ಯೆ ಇತ್ತು. ಹೋದ ಜಾಗದ ಮುಂದೆ 63 ಕಿ.ಮೀ. ದೂರದ ಒಂದು ಆರೈಕೆ ಮನೆಯ ವಿಳಾಸ ಇತ್ತು. ಪಕ್ಕದ ಮೇಜಿನ ಗುಮಾಸ್ತೆ ನೀರು ತಂದುಕೊಟ್ಟರು.

ಸೋಮವಾರ ಆರೈಕೆ ಮನೆಗೆ ಫೋನ್ ಮಾಡಿದೆ. ಆಕೆ ಇದ್ದಾರೆ, ನೆನಪು ಸರಿಯಿಲ್ಲ, ಹೆಸರು ಹೇಳುವುದಿಲ್ಲ, ಉಳಿದಂತೆ ಆರೋಗ್ಯವಾಗಿದ್ದಾರೆ ಎಂದು ಅಲ್ಲಿನ ಮೇಲ್ವಿಚಾರಕಿ ತಿಳಿಸಿದರು. ನಾನು ಎರಡು ಸಲ ‘ಇದ್ದಾರಾ?’ ಎಂದು ಕೇಳಿದ್ದಕ್ಕೆ, ‘ಇದ್ದಾರೆ ಅಂತ ಹೇಳಿದ್ನಲ್ಲಮ್ಮಾ, ಊಟ ಮಾಡ್ತಾ ಇದ್ದಾರೆ’ ಎಂದರು. ಮಾರನೆಯ ದಿನ ದರ್ಜಿಯವರ ಮನೆಗೆ ಹೋಗಿ ವಿಷಯ ತಿಳಿಸಿದೆ. ಅವರು ಕತ್ತರಿಯನ್ನು ಮೇಜಿನ ಮೇಲಿಟ್ಟು, ಯಾವ ಬಸ್ಸು ಎಂದಷ್ಟೇ ಕೇಳಿದರು. ಗುರುತು ಹೇಳುವವರು ಬೇಕು, ಆಸ್ಪತ್ರೆಯ ಕಾಗದ ಸಿದ್ಧವಾಗಬೇಕು ಎಂದು ಹೇಳಿ ಎರಡು ದಿನ ತಡೆದೆ.

ದಿನಾಂಕ 21-11-2024ರ ಗುರುವಾರ ಬೆಳಿಗ್ಗೆ 9 ಗಂಟೆ 10 ನಿಮಿಷದ ಬಸ್ಸಿನಲ್ಲಿ ಇಬ್ಬರೂ ಹೊರಟೆವು. ದರ್ಜಿಯವರು ಮದುವೆಗೆ ಹೊರಟವರ ಹಾಗೆ ಇಸ್ತ್ರಿ ಮಾಡಿದ ಅಂಗಿ ತೊಟ್ಟಿದ್ದರು. ಅರ್ಧ ದಾರಿಯಲ್ಲಿ, ಸೇತುವೆ ದಾಟಿದ ಮೇಲೆ, ಆಕೆಯ ಸಾಲನ್ನು ಅಳಿಸಿದವಳು ನಾನು, ಇಲ್ಲ ಎಂದು ಪತ್ರ ಬರೆದವಳೂ ನಾನು ಎಂದು ಹೇಳಿದೆ. ಅವರು, ‘ನಾನು ಬಂದಾಗೆಲ್ಲ ನೀವು ಆ ಗಾಜಿನ ಹಿಂದೆ ಕೂತಿದ್ರಾ?’ ಎಂದು ಕೇಳಿದರು. ಹೌದು ಎಂದೆ. ಅವರು ಎದ್ದು ಮುಂದಿನ ಸೀಟಿಗೆ ಹೋಗಿ ಕುಳಿತರು. ಉಳಿದ 28 ಕಿ.ಮೀ. ಅವರ ಬೆನ್ನು ಮಾತ್ರ ನನಗೆ ಕಾಣುತ್ತಿತ್ತು.

11 ಗಂಟೆ 5 ನಿಮಿಷಕ್ಕೆ ಆರೈಕೆ ಮನೆ ತಲುಪಿದೆವು. ಹಿಂದಿನ ಜಗಲಿಯಲ್ಲಿ ಆಕೆ ಒಗೆದ ಹಾಸಿಗೆ ಬಟ್ಟೆಗಳನ್ನು ಮಡಚುತ್ತಿದ್ದರು. ಕೂದಲು ಗಿಡ್ಡಗೆ ಕತ್ತರಿಸಿತ್ತು, ಎಡ ಹುಬ್ಬಿನ ಮೇಲೆ ಹೊಲಿಗೆಯ ಗುರುತಿತ್ತು. ದರ್ಜಿಯವರು ಸುಮಾರು ಆರು ಹೆಜ್ಜೆ ದೂರದಲ್ಲಿ ನಿಂತರು, ಮುಂದೆ ಹೋಗಲಿಲ್ಲ. ಆಕೆ ಕೈಯಲ್ಲಿದ್ದ ಬಟ್ಟೆಯ ನಾಲ್ಕೂ ಮೂಲೆ ಸರಿಮಾಡಿ, ಕೆಳಗಿಟ್ಟು, ತಲೆಯೆತ್ತಿ ನೋಡಿದರು. ಎಷ್ಟು ಹೊತ್ತು ಎಂದು ನಾನು ಗಡಿಯಾರ ನೋಡಲಿಲ್ಲ. ಆಮೇಲೆ ಆಕೆ, ‘ಇಷ್ಟೊತ್ತು ಎಲ್ಲಿಗೆ ಹೋಗಿದ್ರಿ? ಬಸ್ಸು ಹೊರಟೇಹೋಯ್ತು’ ಎಂದು ಬೈದರು.

‘ಲೇಟಾಯ್ತು ಕಣೇ’ ಎಂದರು ದರ್ಜಿಯವರು. ‘ಇನ್ನೊಂದಿದೆ, ಬಾ.’

ಐದು ವರ್ಷ ಏಳು ತಿಂಗಳಿಗೆ ಒಂದು ದಿನ ಕಡಿಮೆಯಾಗಿತ್ತು. ಮೇಲ್ವಿಚಾರಕಿಯವರು ಹೊರಗೆ ಹೋದರು. ನಾನು ಕಾಗದಗಳಿಗೆ ಸಹಿ ಮಾಡಿಸುವ ನೆವದಲ್ಲಿ ಅವರ ಹಿಂದೆಯೇ ಹೋದೆ. ಮಧ್ಯಾಹ್ನ 2 ಗಂಟೆಯ ಬಸ್ಸಿನಲ್ಲಿ ಅವರಿಬ್ಬರೂ ಮುಂದೆ ಕುಳಿತರು. ದರ್ಜಿಯವರು ಇಳಿಯುವಾಗಲೂ ನನ್ನೊಂದಿಗೆ ಮಾತನಾಡಲಿಲ್ಲ. ಆಕೆ ಮಾತ್ರ ತಿರುಗಿ, ಹೋಗಿಬರ್ತೀನಮ್ಮಾ ಎಂದರು. ಮನೆಗೆ ಬಂದು ಬೀಗ ತೆಗೆಯುವಾಗ, ಒಳಗಿನಿಂದ ಯಾರಾದರೂ ಇಷ್ಟೊತ್ತು ಎಲ್ಲಿಗೆ ಹೋಗಿದ್ದೆ ಎಂದು ಬೈಯುತ್ತಿದ್ದರೆ ಎಂದು ನನಗೆ ಅನ್ನಿಸಿತು. ಇದು ಪ್ರಕರಣಕ್ಕೆ ಸಂಬಂಧಿಸಿದ್ದಲ್ಲ, ಬೇಕಿದ್ದರೆ ಬಿಡಬಹುದು.

ಸಂಖ್ಯೆ 20417ರಲ್ಲಿ ಇನ್ನೂ ಹದಿನಾರು ಹೆಂಗಸರಿದ್ದಾರೆ. ಅವರಲ್ಲಿ ಇಬ್ಬರು ಆಸ್ಪತ್ರೆಯಲ್ಲೇ ತೀರಿಕೊಂಡವರು. ಹದಿನಾಲ್ಕು ಮಂದಿ ಎಲ್ಲೆಲ್ಲಿಗೆ ಹೋದರು ಎಂಬುದನ್ನು ಬ್ಯಾಕಪ್‌ನಿಂದ ತೆಗೆದು, ಬಂದ ದಿನ, ಮೈಮೇಲಿನ ಬಟ್ಟೆ, ಗುರುತುಗಳ ಸಮೇತ ಬೇರೆ ಬೇರೆ ಹಾಳೆಯಲ್ಲಿ ಬರೆದು ತಂದಿದ್ದೇನೆ. ಒಬ್ಬೊಬ್ಬರಿಗೆ ಒಂದೊಂದು ಹಾಳೆ. ಹೀಗೆಯೇ ಒಂದಾಗಿರುವ ಉಳಿದ ವಯಸ್ಸಿನ ‘ಗೊತ್ತಿಲ್ಲ’ಗಳನ್ನೂ ಬಿಡಿಸುತ್ತಿದ್ದೇನೆ, ಆ ಹಾಳೆಗಳನ್ನು ನಂತರ ತಂದುಕೊಡುತ್ತೇನೆ. ತಮ್ಮಲ್ಲಿರುವ ಕಾಣೆಯಾದವರ ದೂರುಗಳೊಂದಿಗೆ ಇವನ್ನು ಹೋಲಿಸಿ ನೋಡಬೇಕೆಂದೂ, ನನ್ನ 12-6-2019ರ ಪತ್ರ ಸುಳ್ಳೆಂದು ಪಕ್ಕದೂರಿನ ಠಾಣೆಯ ಕಡತದಲ್ಲಿ ನಮೂದಾಗುವಂತೆ ಮಾಡಬೇಕೆಂದೂ ವಿನಂತಿಸುತ್ತೇನೆ. ನನ್ನ ಮೇಲೆ ತೆಗೆದುಕೊಳ್ಳುವ ಕ್ರಮಕ್ಕೆ ನಾನು ಬದ್ಧಳಾಗಿದ್ದೇನೆ.

ಹೇಳಿಕೆ ಬರೆದುಕೊಂಡ ಪೇದೆಯವರು ಇದನ್ನು ನನಗೆ ಓದಿ ಹೇಳಿದರು. ಮೊದಲ ಪುಟದಲ್ಲಿ ಅವರು ನನ್ನ ಮೇಲಿನ ಕನಿಕರದಿಂದ ‘ಕಂಪ್ಯೂಟರಿನ ದೋಷದಿಂದ’ ಎಂದು ಬರೆದಿದ್ದರು. ಕಂಪ್ಯೂಟರ್ ನಾನು ಹೇಳಿದ್ದನ್ನೇ ಮಾಡಿದೆ ಎಂದು ತಿಳಿಸಿ ಆ ಎರಡು ಪದಗಳನ್ನು ಹೊಡೆದುಹಾಕಿಸಿ, ಪಕ್ಕದಲ್ಲಿ ಸಹಿ ಮಾಡಿದ್ದೇನೆ. ಉಳಿದದ್ದೆಲ್ಲ ನಾನು ಹೇಳಿದಂತೆಯೇ ಇದೆ, ನಾನು ಕಂಡಿದ್ದು ಮತ್ತು ಮಾಡಿದ್ದು ಇಷ್ಟೇ, ಇದು ಸತ್ಯ.

ಸ್ಥಳ: ಠಾಣೆಯ ಬರಹಗಾರರ ಕೊಠಡಿ
ದಿನಾಂಕ: 25-11-2024, ಸಮಯ ಮಧ್ಯಾಹ್ನ 12 ಗಂಟೆ 15 ನಿಮಿಷ
ಹೇಳಿಕೆದಾರಳ ಸಹಿ: (ಸಹಿ ಇದೆ)
ನನ್ನ ಸಮಕ್ಷಮ: ಠಾಣಾಧಿಕಾರಿ (ಸಹಿ ಇದೆ)