ಏಳನೇ ಹಾಳೆಯ ಖಾಲಿ ಜಾಗ

ಹಲೋ... ಯಾರು ಮಾತಾಡ್ತಿರೋದು? ಇದು ಕಂಪ್ಯೂಟರ್ ಕಂಪನಿಯ ಹೆಣ್ಮಗಳ ಫೋನಲ್ವಾ? ... ಹಾಂ, ಮಕ್ಕಳ ವಾರ್ಡಿನ ಸಿಸ್ಟರಾ. ನಾನು ಅವಳಿಗೆ ಕಾಲೇಜಲ್ಲಿ ಪಾಠ ಹೇಳಿದೋಳು. ಸ್ವಲ್ಪ ಕರೀತೀರಾ? ತುರ್ತು ಅನ್ನಿ...

ನಾನು ಕಣೆ. ಡ್ರಿಪ್ ಯಂತ್ರಕ್ಕೆ ಹೊಸ ಪ್ರೋಗ್ರಾಮ್ ಹಾಕಿಬಿಟ್ಯಾ? ... ಹಾಕಿಯಾಯ್ತು. ಯಾವ ಮಗುವಿಗೂ ಜೋಡಿಸಿಲ್ಲ ತಾನೆ? ... ಇನ್ನೊಂದ್ಸಲ ಹೇಳು. ... ಸದ್ಯ, ಹೋದ ಜೀವ ಬಂತು.

ತಪ್ಪಿದ್ರೆ ನಾನು ಓದಿ ಹಿಡೀಲಿ ಅಂತ ಆ ಪ್ರೋಗ್ರಾಮಿನ ಪ್ರಿಂಟ್ ತೆಗೆದು ಕೊಟ್ಟಿದ್ಯಲ್ಲ, ಅದರ ಏಳನೇ ಹಾಳೆ. ನಡುವೆ ಎರಡು ಸಾಲು ಖಾಲಿ ಇತ್ತು. ಸುಮ್ಮನೆ ಜಾಗ ಬಿಟ್ಟಿದ್ದೀಯ ಅಂದ್ಕೊಂಡು ದಾಟಿಹೋದೆ. ಎಲ್ಲಾ ಸರಿಯಿದೆ ಅಂತ ಕೊನೇಲಿ ರುಜೂನೂ ಹಾಕಿದೆ. ಇವತ್ತು ಕಿಟಕಿ ಹತ್ರ ಹಿಡಿದ್ರೆ ಅಲ್ಲಿ ಅಕ್ಷರ ಇದೆ ಕಣೆ. 'ಪರೀಕ್ಷೆಗಾಗಿ ಔಷಧಿಯ ಗರಿಷ್ಠ ಮಿತಿ ತೆಗೆದಿದೆ, ಮತ್ತೆ ಸೇರಿಸಬೇಕು.' ನಿನ್ನದೇ ಟಿಪ್ಪಣಿ...

ಸೇರಿಸಿದ್ಯಾ? ... ಮರೆತೇಬಿಟ್ಯಾ. ಹೂಂ. ನಾನೂ ಹುಡುಕಿದೆ, ಮುಂದೆ ಎಲ್ಲೂ ಸಿಗಲಿಲ್ಲ.

ಪ್ರೋಗ್ರಾಮ್ ಬರೆಯೋ ಎಡಿಟರಲ್ಲಿ ಟಿಪ್ಪಣಿಗೆ ಯಾವ ಬಣ್ಣ ಇಟ್ಟಿದ್ದೆ? ... ತಿಳಿ ಬೂದು. ಪ್ರಿಂಟಿಗೆ ಅಂತಾನೇ ಮಾಡಿದ್ಯಾ? ... ನನಗೋಸ್ಕರ? ... ಆಪರೇಷನ್ ಆದ ಕಣ್ಣು, ಟಿಪ್ಪಣಿ ಅಡ್ಡ ಬರದೆ ಮುಖ್ಯ ಸಾಲಷ್ಟೇ ಎದ್ದು ಕಾಣಲಿ ಅಂತ, ಅಲ್ವಾ? ... ಅಳಬೇಡ್ವೇ. ಇಷ್ಟು ವರ್ಷದಲ್ಲಿ ನನ್ನ ಕಣ್ಣಿಗೆ ಅಂತ ಯಾರೂ ಬಣ್ಣ ಆರಿಸಿರಲಿಲ್ಲ.

ಈಗ ಬರ್ಕೋ. ಹಿನ್ನೆಲೆ ಬಿಳಿ, ಅಕ್ಷರ ಎಲ್ಲಾ ಕಪ್ಪು. ಬಣ್ಣದ ಸಹವಾಸವೇ ಬೇಡ. ಮುಖ್ಯ ಪದಗಳು ದಪ್ಪಕ್ಕಿರಲಿ, ಟಿಪ್ಪಣಿ ಓರೆ ಅಕ್ಷರದಲ್ಲಿರಲಿ. ಮಿತಿ ಸೇರಿಸಿ, ಹೊಸದಾಗಿ ತೆಗೆದು ತಾ. ... ನಲವತ್ತು ಹಾಳೆನೂ ಓದ್ತೀನಿ. ಸುಸ್ತಾಗುತ್ತೆ, ಆಗ್ಲಿ ಬಿಡು.

ಯಾರು ಒಪ್ಪಲ್ಲ? ... ನಿಮ್ಮ ಮ್ಯಾನೇಜರಾ. ರುಜು ಬಿದ್ದಿದೆಯಲ್ಲ ಅಂತಾರಾ? ರುಜು ಹಾಕಿದೋಳೇ ತಪ್ಪಾಯ್ತು ಅಂತಿದ್ದೀನಲ್ಲ. ಫೋನು ಸಿಸ್ಟರ್ ಕೈಗೆ ಕೊಡು.

ಸಿಸ್ಟರ್, ಆ ಯಂತ್ರ ನಾನು ಹೇಳೋವರೆಗೂ ಯಾವ ಮಗುವಿಗೂ ಹಚ್ಚಬೇಡಿ. ಔಷಧಿ ಅಳತೆ ಮೀರಿದ್ರೂ ಅದು ನಿಲ್ಲಲ್ಲ. ... ಹೌದು, ನನ್ನ ರುಜುನೇ. ವಾಪಸ್ ತಗೊಂಡೆ. ಯಾರು ಕೇಳಿದ್ರೂ ನನ್ನ ಹೆಸರು ಹೇಳಿ, ಬಂದು ಬರ್ದುಕೊಡ್ತೀನಿ. ... ಪ್ಲಗ್ ಕಿತ್ತಿಟ್ರಾ? ದೊಡ್ಡ ಉಪಕಾರ ಕಣಮ್ಮ.

ಗೊತ್ತು, ಅದು ಸರಿಯಾಗೋವರೆಗೆ ಇನ್ನೂ ಎರಡು ದಿನ ನೀವೇ ನಿಂತು ಹನಿ ಎಣಿಸಬೇಕು. ಎಷ್ಟು ಮಕ್ಕಳು? ... ಆರಾ. ಬೈಯೋದಿದ್ರೆ ನನಗೇ ಬೈರಿ, ಅವಳನ್ನ ಏನೂ ಅನ್ನಬೇಡಿ. ... ಏನಂದ್ರಿ? ಕೈಗಡಿಯಾರ ಬಿಚ್ಚಿ ಹಿಡ್ಕೊಂಡು ನಿಮ್ಮ ಪಕ್ಕಾನೇ ನಿಂತಿದ್ದಾಳಾ? ... ನಿಲ್ಲಲಿ ಬಿಡಿ. ನೀವು ಹನಿ ಎಣಿಸಿ, ಅವಳು ನಿಮಿಷ ನೋಡ್ಲಿ. ಒಂದು ಸ್ಟೂಲ್ ಇದ್ರೆ ಕೊಡಿ, ಅವಳ ಕಾಲೂ ಸೋತಿರು... ಹಲೋ? ... ಸಿಸ್ಟರ್? ... ಓ, ಫೋನಿಟ್ಟು ಆಗ್ಲೇ ಹನಿ ಎಣಿಸೋಕೆ ಹೋದ್ರು.