ಬಟ್ಟಲ ತಳದ ಮುದ್ರೆ

ಚಂಡಮಾರುತದ ಮಳೆ ಷಾರ್ಲೆಟ್ ನಗರದವರೆಗೂ ಬಂದು ಸಂಜೆಗೇ ಕರೆಂಟು ಹೋಗಿತ್ತು. ರಚನಾ, ಧೀರಜ್ ದಂಪತಿಯ ಗೃಹಪ್ರವೇಶಕ್ಕೆ ಬಂದು ಸಿಕ್ಕಿಹಾಕಿಕೊಂಡವರೆಲ್ಲ ಮೇಣದಬತ್ತಿಯ ಸುತ್ತ ಕುಳಿತಿದ್ದರು. ರಚನಾಳಿಗೆ ಮಾತ್ರ ಗಂಡನ ಮುಖ ನೋಡಲೂ ಮನಸ್ಸಿರಲಿಲ್ಲ. ತೀರಿಕೊಂಡವರ ಮನೆ ಸಾಮಾನು ಮಾರುವ ಎಸ್ಟೇಟ್ ಸೇಲಿನಲ್ಲಿ ಆಸೆಪಟ್ಟು ತಂದಿದ್ದ ಇಂಗ್ಲೆಂಡಿನ ಹಳೆಯ ಬೆಳ್ಳಿ ಬಟ್ಟಲು ಅವಳ ಮಡಿಲಲ್ಲಿತ್ತು. ಅದನ್ನು ಮಾಡಿದ ಮಾರ್ಥಾ ಎಂಬ ಹೆಂಗಸಿನ ಪುಟ್ಟ ಮುದ್ರೆ ತಳದಲ್ಲಿತ್ತು. ಧೀರಜ್ ನಿನ್ನೆ ಒಂದು ಮಾತೂ ಕೇಳದೆ ಅದನ್ನು ಉಜ್ಜಿಸಿ ಅಳಿಸಿ, ಊರಿನ ಪಾತ್ರೆಗಳಿಗೆ ಹಾಕಿಸುವಂತೆ ತನ್ನ ಹೆಸರು ಕೆತ್ತಿಸಿಕೊಂಡು ಬಂದಿದ್ದ.

"ನಮ್ಮನೆ ಪಾತ್ರೆಗೆ ನನ್ನ ಹೆಸರು ಹಾಕಿಸಿದ್ರೆ ತಪ್ಪೇನು?" ಎಂದ ಧೀರಜ್.

ಎಲ್ಲರಿಗಿಂತ ಹಿರಿಯರಾದ ವರಲಕ್ಷ್ಮಿ ಆಂಟಿ ಕಾಫಿ ಲೋಟ ಕುಕ್ಕಿದರು.

"ತಪ್ಪೇನು ಅಂತ ಕೇಳ್ತೀಯಲ್ಲಪ್ಪ... ಹಾಗಾದ್ರೆ ಎಲ್ರೂ ಕೇಳಿ. ಡುಲುತ್‌ನಲ್ಲಿ ನಮ್ಮ ಕಾತ್ಯಾಯಿನಿ ಇದಾಳಲ್ಲ, ಕೋವಿಡ್ ಇಳೀತಿದ್ದ ಹಾಗೆ ಅವಳೂ ಇದೇ ಮಾರ್ಥಾ ಮಾಡಿದ ಟೀ ಪಾಟ್ ತಂದಿದ್ಲು. ಆ ಮಾರ್ಥಾ ಯಾರು ಅಂದ್ಕೊಂಡ್ರಿ? ಗಂಡ ಸತ್ತ ಮೇಲೆ ಅವನ ಕುಲುಮೆ ಮುಂದೆ ತಾನೇ ಕೂತು, ಕೈ ಸುಟ್ಕೊಂಡು ಮಕ್ಕಳನ್ನ ಸಾಕಿದೋಳು. ತನ್ನದು ಅಂತ ಈ ಲೋಕದಲ್ಲಿ ಬಿಟ್ಟುಹೋಗಿದ್ದು ಅಕ್ಕಿ ಕಾಳಿನಷ್ಟು ಮುದ್ರೆ... ಅದೂ ಕಣ್ಣಿಗೆ ಚುಚ್ಚತ್ತಾ ನಿಮಗೆ? ಕಾತ್ಯಾಯಿನಿ ಗಂಡನೂ ಹೀಗೇ ಉಜ್ಜಿಸಿದ, ತನ್ನ ಹೆಸರು ಹಾಕಿಸಿದ. ಸಂಜೆ ಅವಳು ತೊಳೆಯೋಕೆ ತಗೊಂಡ್ರೆ... ಅವನ ಹೆಸರಿಲ್ಲ, ಮುದ್ರೆ ಇದೆ. ಅಂಗಡಿಯೋನಿಗೆ ಬೈದು ಮತ್ತೆ ಕೆತ್ತಿಸಿದ, ಆ ಮಹಾನುಭಾವ. ಮಾರ್ಥಾಗೆ ಸಿಟ್ಟು ಬಂದಿದ್ದು ಆಗ ನೋಡಿ... ಕಾತ್ಯಾಯಿನಿ ಗಂಡನಿಗೆ ಅವನಮ್ಮ ಕೊಟ್ಟ ಸ್ಟೀಲ್ ಡಬ್ಬಗಳ ಮೇಲಿಂದ ಅವನ ಹೆಸರು ಹೋಯ್ತು. ಬಾಗಿಲ ಬೋರ್ಡು ಬೋಳಾಯ್ತು. ಆಫೀಸಿನ ಬ್ಯಾಡ್ಜಲ್ಲಿ ಫೋಟೋ ಇದೆ, ಹೆಸರಿಲ್ಲ. ಕೊನೆಗೆ ಹೆತ್ತ ತಾಯಿ ಊರಿಂದ ಫೋನಲ್ಲಿ ಮಾತಾಡ್ತಾ ಮಾತಾಡ್ತಾ ತಡವರಿಸಿ, 'ನಿನ್ನ ಹೆಸರೇನಪ್ಪ?' ಅಂದ್ರು."

ಧೀರಜ್ ನಕ್ಕ. "ಅವರ ಹೆಸರು ಹೇಳಿ ಆಂಟಿ, ಕಾಲ್ ಮಾಡಿ ಕೇಳೇ ಬಿಡ್ತೀನಿ."

ಆಂಟಿ ಹಣೆ ಉಜ್ಜಿಕೊಂಡರು.

"ಅವನ ಮದುವೇಲಿ ಈ ಕೈಯಾರೆ ಅಕ್ಷತೆ ಹಾಕಿದೀನಿ... ಎಷ್ಟು ನೆನೆಸ್ಕೊಂಡ್ರೂ ಬರಲ್ಲ. ಕಾತ್ಯಾಯಿನಿಗೂ ಬರಲ್ಲ."

ರಚನಾ ಫೋನಿನ ಬೆಳಕಿನಲ್ಲಿ ಬಟ್ಟಲನ್ನು ಮಗುಚಿದಳು. ತಳದಲ್ಲಿ ಗಂಡನ ಹೆಸರಿರಲಿಲ್ಲ. ಪುಟ್ಟ ಮುದ್ರೆ ಮೊದಲಿನಂತೆಯೇ ಇತ್ತು. ಅವಳಿಗೆ ಮೊದಲು ಬಂದದ್ದು ಸಮಾಧಾನ, ಆಮೇಲೆ ಭಯ.

ಆಂಟಿ ಬಗ್ಗಿ ನೋಡಿದರು.

"ಅವಳೇನು ಅದೊಂದೇ ಪಾಟ್ ಮಾಡಿದ್ಲಾ... ಎಲ್ಲಿ ರಚನಾ, ನಿನ್ನ ಗಂಡನ್ನ ಹೆಸರು ಹಿಡಿದು ಕರಿ, ನೋಡೋಣ."