ಸವರುಕೋಲು ಕದ್ದವನು ನಾನೇ

ಶ್ರೀರಾಮಪ್ಪ ಬಿನ್ ಲೇಟ್ ದೊಡ್ಡವೆಂಕಟಪ್ಪ, ವಯಸ್ಸು ನಲವತ್ತೇಳು ವರ್ಷ, ಕಸುಬು ಧಾರಣೆ ಗುಮಾಸ್ತೆ ಕೆಲಸ, ಸ್ವಂತ ಊರು ಬೂದಿಕೋಟೆ, ಹಾಲಿ ವಾಸ ಬಂಗಾರಪೇಟೆ ರೈಲು ಗೇಟಿನ ಹಿಂದಿನ ಬೀದಿ, ಆದ ನಾನು ಈ ದಿನ ಸಂಜೆ 5-20 ಗಂಟೆಗೆ ಠಾಣೆಯಲ್ಲಿ ದಫೇದಾರ್ ಮುನಿಸ್ವಾಮಪ್ಪನವರ ಮುಂದೆ ಈ ಮೂಲಕ ತಿಳಿಸುವುದೇನೆಂದರೆ,

ಊರಿಗಾಂ ಲೈನಿನ ದಿನಸಿ ವ್ಯಾಪಾರಿ ವೆಂಕಟೇಶಪ್ಪನವರ ಅಂಗಡಿಯಿಂದ ಒಂದು ಮರದ ಕೋಲು ಕಳುವಾಗಿದೆ ಎಂದು ದೂರು ಬಂದಿದೆ. ಕೋಲನ್ನು ತೆಗೆದುಕೊಂಡು ಹೋದವನು ನಾನೇ. ಬೇರೆ ಯಾರನ್ನೂ ಹುಡುಕುವ ಶ್ರಮ ಬೇಡ. ಕೋಲು ಈಗ ತಮ್ಮ ಮೇಜಿನ ಮೇಲೆ ಮಸಿಕುಡಿಕೆಯ ಪಕ್ಕದಲ್ಲಿದೆ.

ನನ್ನ ಕೆಲಸ ಹೀಗಿದೆ. ಪ್ರತಿ ಮಂಗಳವಾರ ಬಂಗಾರಪೇಟೆಯಿಂದ 7-10ರ ರೈಲಿಗೆ ಊರಿಗಾಂಗೆ ಬಂದು ಗೊತ್ತುಮಾಡಿದ ಮೂರು ಅಂಗಡಿಗಳಲ್ಲಿ ಮೂವತ್ತೊಂದು ಪದಾರ್ಥಗಳ ಧಾರಣೆ ಬರೆದುಕೊಳ್ಳಬೇಕು. ಇದಕ್ಕೆ ತಿಂಗಳಿಗೆ ಇಪ್ಪತ್ತೆರಡು ರೂಪಾಯಿ ಗೌರವಧನ. ಈ ಧಾರಣೆಗಳಿಂದ ನಮ್ಮ ಕಚೇರಿಯವರು ಜೀವನ ವೆಚ್ಚದ ಸೂಚ್ಯಂಕ ತೆಗೆಯುತ್ತಾರೆ. ಅಂದರೆ ಗಣಿ ಕೆಲಸಗಾರನ ಸಂಸಾರ ಹಿಂದೆ ನೂರು ರೂಪಾಯಿಗೆ ಕೊಳ್ಳುತ್ತಿದ್ದ ಸಾಮಾನಿಗೆ ಈಗ ಎಷ್ಟು ಬೀಳುತ್ತದೆ ಎಂಬ ಅಂಕಿ. ಆ ಅಂಕಿ ಐದು ಏರಿದರೆ ಕೆಲಸಗಾರರ ತುಟ್ಟಿಭತ್ಯೆ ತಿಂಗಳಿಗೆ ಮೂರು ರೂಪಾಯಿ ಏರುತ್ತದೆ. ಮೂರು ತಿಂಗಳಿಗೊಮ್ಮೆ ಇದರ ತೀರ್ಮಾನ. ಈ ಸಲದ ಅಂಕಿ ಬರುವ ಶನಿವಾರ 19ನೇ ತಾರೀಖು ಬೆಂಗಳೂರಿಗೆ ಹೋಗಬೇಕು. ಹೋದ ಮೇಲೆ ಮೂರು ತಿಂಗಳು ಯಾರು ಬಾಯಿ ಬಡಿದುಕೊಂಡರೂ ಬದಲಾಗುವುದಿಲ್ಲ.

ವೆಂಕಟೇಶಪ್ಪನವರ ಅಂಗಡಿಯನ್ನು ಪಟ್ಟಿಗೆ ಸೇರಿಸಿದ್ದು 11-2-1958ರಂದು. ಆ ದಿನ ಅವರ ಹಿತ್ತಾಳೆ ಸೇರಿನಲ್ಲಿ ಬಾಯಿಯ ಮೇಲೆ ಗೋಪುರ ನಿಲ್ಲುವಂತೆ ಅಕ್ಕಿ ತುಂಬಿಸಿ ತೂಗಿದಾಗ ತೊಂಬತ್ತಾರು ತೊಲ ಬಂತು. ಊರಿಗಾಂನಲ್ಲಿ ಸೇರು ಎಂದರೆ ಗೋಪುರದ ಸೇರೇ. ಕಾಗದದ ಮೇಲೆ ಹಾಗೆಂದು ಬರೆದು ನಮ್ಮ ಮೇಲ್ವಿಚಾರಕರಾದ ಕೋದಂಡಪ್ಪನವರು ರುಜು ಮಾಡಿದ್ದಾರೆ. ತಾವು ಯಾವುದಕ್ಕೆ ರುಜು ಮಾಡುತ್ತೇವೆ ಎಂದು ಓದುವ ಅಭ್ಯಾಸ ಅವರಿಗೆ ಇಲ್ಲ, ಆದ್ದರಿಂದ ನೆನಪಿಲ್ಲದಿರಬಹುದು.

ಈ ವರ್ಷ ಜನವರಿ 5ನೇ ತಾರೀಖು ಮಂಗಳವಾರ ಬೆಳಿಗ್ಗೆ 8-05ಕ್ಕೆ ನಾನು ಅಂಗಡಿಗೆ ಹೋದಾಗ ವೆಂಕಟೇಶಪ್ಪನವರು ಸೇರಿಗೆ ಅಕ್ಕಿ ತುಂಬಿ, ಒಂದು ಸವರುಕೋಲನ್ನು ಸೇರಿನ ಬಾಯಿಯ ಮೇಲೆ ಎಳೆದು, ಗೋಪುರವನ್ನು ಪುನಃ ಮೂಟೆಗೆ ಉರುಳಿಸುತ್ತಿದ್ದರು. ಧಾರಣೆ ಕೇಳಿದೆ. ಸೇರಿಗೆ ಅರವತ್ತು ನಯಾ ಪೈಸೆ, ಹಳೇ ರೇಟೇ, ಒಂದು ಕಾಸು ಏರಿಸಿಲ್ಲ ಎಂದು ಎದೆ ಉಬ್ಬಿಸಿ ಹೇಳಿದರು. ಧರ್ಮಸತ್ರ ಕಟ್ಟಿಸಿದವರೂ ಅಷ್ಟು ಹೆಮ್ಮೆಯಿಂದ ಹೇಳಿಕೊಳ್ಳುವುದಿಲ್ಲ. ಆಗ ಅಲ್ಲಿ ಅಕ್ಕಿ ಕೊಳ್ಳುತ್ತಿದ್ದವರು ನರಸಮ್ಮ, ಗಣಿ ಕೆಲಸಗಾರ ಪೆರುಮಾಳ್ ಅವರ ಹೆಂಡತಿ. ಆಕೆ ಚೀಲ ಕಟ್ಟುತ್ತಾ, "ಮುಂಚೆ ಗೋಪ್ರ ನಿಲ್ಸಿ ಆಕ್ತಿದ್ರು ಸಾಮಿ. ಈಗ ಕೋಲೆಳ್ದು ತಲೆ ಬೋಳಿಸ್ತಾರೆ. ಕೇಳಿದ್ರೆ ರೇಟು ಏರ್ಸಿಲ್ವಲ್ಲಮ್ಮಾ ಅಂತಾರೆ" ಎಂದರು.

ನಾನು ನನ್ನ ಕಾಸಿನಿಂದ ಒಂದು ಸೇರು ಅಕ್ಕಿ ಕೊಂಡೆ. ಅಲ್ಲಿಂದ ಅರವತ್ತು ಗಜ ದೂರದಲ್ಲಿರುವ ಮುನಿಶಾಮಿಯವರ ಕಾಫಿಪುಡಿ ಅಂಗಡಿಯ ಮುದ್ರೆ ಹಾಕಿದ ತಕ್ಕಡಿಯಲ್ಲಿ ತೂಗಿಸಿದೆ. ಎಂಬತ್ನಾಲ್ಕು ತೊಲ ಬಂತು. ಮುಂದಿನ ವಾರ ಉಳಿದ ಎರಡು ಅಂಗಡಿಗಳಲ್ಲಿಯೂ ಕೋಲು ಕಾಣಿಸಿಕೊಂಡಿತು. ಅವರ ಹೆಸರು ಈ ದೂರಿನಲ್ಲಿ ಇಲ್ಲವಾದ್ದರಿಂದ ಹೇಳುವುದಿಲ್ಲ. ಅಂದಿನಿಂದ ಇಂದಿನವರೆಗೆ ಹನ್ನೊಂದು ಮಂಗಳವಾರ ವೆಂಕಟೇಶಪ್ಪನವರ ಒಂದು ಸೇರನ್ನು ಕೊಂಡು ತೂಗಿಸಿದ್ದೇನೆ. ಒಮ್ಮೆ ಎಂಬತ್ತಮೂರು, ಎರಡು ಸಲ ಎಂಬತ್ತೈದು, ಮಿಕ್ಕಂತೆ ಎಂಬತ್ನಾಲ್ಕು. ನನ್ನ ಪುಸ್ತಕದಲ್ಲಿ ಪ್ರತಿ ತೂಕದ ಎದುರು ಮುನಿಶಾಮಿಯವರ ರುಜು ಇದೆ. ಬೇರೆ ಗಂಡಸರು ಮನೆಗೆ ಸಂಬಳ ತರುತ್ತಾರೆ, ನೀವು ಒಂದು ಸೇರು ಅಕ್ಕಿ ತಂದು ಅದರ ಜಾತಕ ಓದುತ್ತೀರಿ ಎಂದು ನನ್ನ ಹೆಂಡತಿ ಗಂಗರತ್ನಮ್ಮ ಹೇಳಿದ್ದುಂಟು.

ಹಾಗಾದರೆ ಏರಿದ್ದು ಎಷ್ಟು? ತೊಂಬತ್ತಾರು ತೊಲಕ್ಕೆ ಕೊಡುತ್ತಿದ್ದ ದುಡ್ಡನ್ನು ಈಗ ಎಂಬತ್ನಾಲ್ಕು ತೊಲಕ್ಕೆ ಕೊಡುತ್ತಿದ್ದಾರೆ. ಏಳರಲ್ಲಿ ಒಂದು ಪಾಲು ಧಾರಣೆ ಏರಿದಂತೆ. ಕೆಲಸಗಾರರ ಸಂಸಾರದಲ್ಲಿ ನೂರಕ್ಕೆ ನಲವತ್ತೆರಡು ರೂಪಾಯಿ ಅಕ್ಕಿ ರಾಗಿಗೇ ಹೋಗುತ್ತದೆ, ರಾಗಿಗೂ ಅದೇ ಸೇರು, ಅದೇ ಕೋಲು. ನಲವತ್ತೆರಡರಲ್ಲಿ ಏಳನೇ ಒಂದು ಪಾಲು ಎಂದರೆ ಆರು. ಸೂಚ್ಯಂಕ ಆರು ಏರಬೇಕು. ಐದು ಏರಿದರೆ ಸಾಕಿತ್ತು. ಇದಕ್ಕೆ ಎಂ.ಎ. ಓದಬೇಕಿಲ್ಲ. ಓದಿದವರಿಗೆ ಮಾತ್ರ ಇದು ತಿಳಿಯಲಿಲ್ಲ.

ಫೆಬ್ರವರಿ 3ನೇ ತಾರೀಖು ಬುಧವಾರ ಈ ವಿಷಯವನ್ನು ಕೋದಂಡಪ್ಪನವರಿಗೆ ಬರೆದು ಕೊಟ್ಟೆ. ಅವರು ನಮೂನೆ ತೆಗೆದು ತೋರಿಸಿ, ಇದರಲ್ಲಿ ಧಾರಣೆಗೆ ಕಾಲಂ ಇದೆ, ಕೋಲಿಗೆ ಕಾಲಂ ಇಲ್ಲ ಎಂದು ಹೇಳಿದರು. ಬಳಿಕ ತಾವು ಬರೆದ ಗ್ರಾಫ್ ಕಾಗದ ತೋರಿಸಿದರು. ಮೂರು ಅಂಗಡಿಗಳ ಸರಾಸರಿ ಅರವತ್ತು ಪಾಯಿಂಟ್ ಸೊನ್ನೆ ಸೊನ್ನೆ ಎಂದು ಕೆಂಪು ಮಸಿಯಲ್ಲಿ ಅಡ್ಡಗೆರೆ ಎಳೆದಿದ್ದರು. ಇಷ್ಟು ಸ್ಥಿರವಾದ ಕೇಂದ್ರ ಇಡೀ ರಾಜ್ಯದಲ್ಲಿ ಇಲ್ಲ, ಮೇಲಿನವರಿಗೆ ಆಗಲೇ ತಿಳಿಸಿದ್ದೇನೆ ಎಂದರು. ಸುಳ್ಳಿಗೆ ಎರಡು ದಶಮಾಂಶ ಸ್ಥಾನದವರೆಗೆ ಸರಾಸರಿ ತೆಗೆಯುವವರನ್ನು ನಾನು ಅಂದೇ ಮೊದಲು ನೋಡಿದ್ದು. ಈ ವಾಕ್ಯವನ್ನು ಬಿಟ್ಟುಬಿಡೋಣವೇ ಎಂದು ದಫೇದಾರರು ಕೇಳಿದರು. ಬಿಡಬಾರದು ಎಂದು ಕೋರಿದ್ದೇನೆ.

ನಾನು ಮತ್ತೆ ಎರಡು ಸಲ ಬರೆದ ಮೇಲೆ ಕೋದಂಡಪ್ಪನವರು ಖುದ್ದು ತಪಾಸಣೆ ಮಾಡುವುದಾಗಿ ಒಪ್ಪಿದರು. ಮಾರ್ಚ್ 9ನೇ ತಾರೀಖು ಬುಧವಾರ ಬರುತ್ತೇನೆ ಎಂದು ಅಂಗಡಿಯವರಿಗೆ ಎರಡು ದಿನ ಮುಂಚೆಯೇ ಕಾರ್ಡು ಬರೆದರು. ಕಾರ್ಡು ಬರೆದು ಬರುವುದು ಬೀಗರ ಮನೆಗೆ, ತಪಾಸಣೆಗೆ ಅಲ್ಲ. ಅವರು 10-40ಕ್ಕೆ ಅಂಗಡಿ ತಲುಪಿದಾಗ ಸೇರಿನ ಮೇಲೆ ಎರಡು ಅಂಗುಲ ಗೋಪುರ ನಿಂತಿತ್ತು. ಕೋಲು ಇರಲಿಲ್ಲ. ಬಾದಾಮಿ ಹಾಲು ಇತ್ತು. ಈ ಅಂಗಡಿಯಲ್ಲಿ ಕೋಲನ್ನು ಎಂದೂ ಬಳಸಿಲ್ಲ ಎಂದು ವೆಂಕಟೇಶಪ್ಪನವರು ಬರೆದು ರುಜು ಮಾಡಿಕೊಟ್ಟರು.

ಅದೇ ದಿನ 11-30ಕ್ಕೆ ಕೋದಂಡಪ್ಪನವರು ಸಂಸಾರದ ಖರ್ಚು ವಿಚಾರಿಸಲು ಪೆರುಮಾಳ್ ಅವರ ಮನೆಗೆ ಹೋದರು. ನಾನೂ ಹೋದೆ. ಆ ಮನೆಯಲ್ಲಿ ಆರು ಜನ. ಪ್ರತಿ ಶನಿವಾರ ಎಂಟು ಸೇರು ಅಕ್ಕಿ ತರುತ್ತಾರೆ. ಮೊದಲು ಅದು ಶುಕ್ರವಾರ ರಾತ್ರಿಯವರೆಗೆ ಬರುತ್ತಿತ್ತು. ಶುಕ್ರವಾರ ಏನು ಅಡುಗೆ ಎಂದು ಕೋದಂಡಪ್ಪನವರು ಕೇಳಿದ್ದಕ್ಕೆ ನರಸಮ್ಮನವರು ಶುಕ್ರವಾರ ಒಪ್ಪತ್ತು ಎಂದರು. ಮಕ್ಕಳಿಗೂ ಒಪ್ಪತ್ತೇ ಎಂದು ಕೇಳಿದ್ದಕ್ಕೆ ಹೌದು ಎಂದರು. ಧಾರ್ಮಿಕ ಕಾರಣದಿಂದ ಬಳಕೆ ಕಡಿಮೆ ಎಂದು ಕೋದಂಡಪ್ಪನವರು ಬರೆದುಕೊಂಡರು. ಚಿಕ್ಕ ಮಗುವಿಗೆ ಮೂರು ವರ್ಷ. ಯಾವ ದೇವರ ವ್ರತ ಎಂದಾದರೂ ಅವರು ಕೇಳಬಹುದಿತ್ತು.

ಅವರು ಬಾಗಿಲು ದಾಟಿದ ಮೇಲೆ ನಾನು ನರಸಮ್ಮನವರನ್ನು ಯಾಕೆ ಹೀಗೆ ಹೇಳಿದಿರಿ ಎಂದು ವಿಚಾರಿಸಿದೆ. ಆಕೆ ಒಲೆಯ ಕಡೆ ತಿರುಗಿಕೊಂಡು, "ಕೋಟು ಆಕ್ಕಂಡ್ ಬಂದೋರ ಮುಂದೆ ಅಕ್ಕಿ ಇಲ್ಲ ಅನ್ನಾಕಾಯ್ತದಾ? ದೇವ್ರ ಎಸ್ರು ಏಳ್ದೆ. ಮಕ್ಳಿಗೂ ಅಂಗೇ ಏಳಿವ್ನಿ" ಎಂದರು. ಎಂಟು ಸೇರಿನಲ್ಲಿ ಒಂದು ಸೇರನ್ನು ಕೋಲು ಮೂಟೆಗೆ ವಾಪಸು ಉರುಳಿಸಿದೆ. ಆ ಒಂದು ಸೇರೇ ಶುಕ್ರವಾರ.

ಮಾರ್ಚ್ 12ನೇ ತಾರೀಖು ಸಂಗ್ರಾಹಕನ, ಅಂದರೆ ನನ್ನ, ತೂಕಗಳು ನಂಬಲರ್ಹವಲ್ಲ ಎಂದು ಕೋದಂಡಪ್ಪನವರು ಟಿಪ್ಪಣಿ ಬರೆದರು.

ಈ ದಿನ, ಅಂದರೆ 15-3-1960 ಮಂಗಳವಾರ, 7-45ಕ್ಕೆ ಊರಿಗಾಂ ಸ್ಟೇಷನ್ನಿನಲ್ಲಿ ಇಳಿದು ಮೂರೂವರೆ ಫರ್ಲಾಂಗು ನಡೆದು 8-05ಕ್ಕೆ ಅಂಗಡಿ ಸೇರಿದೆ. ಕೋಲು ಮತ್ತೆ ಅಕ್ಕಿ ಮೂಟೆಯ ಮೇಲೆ ಹಾಯಾಗಿ ಮಲಗಿತ್ತು. ಧಾರಣೆ ಬರೆದೆ. ಒಂದು ಸೇರು ಕೊಂಡೆ. 8-25ಕ್ಕೆ ವೆಂಕಟೇಶಪ್ಪನವರು ಬೆಲ್ಲ ಒಡೆಯಲು ಹಿಂದಕ್ಕೆ ತಿರುಗಿದಾಗ ಕೋಲನ್ನು ಎತ್ತಿ ಛತ್ರಿಯೊಳಗೆ ಸೇರಿಸಿಕೊಂಡು ಹೊರಟೆ. ಅಂಗಡಿ ಮುಂದೆ ಐದು ಜನ ಇದ್ದರು. ಐವರೂ ನೋಡಿದರು. ಒಬ್ಬರೂ ವೆಂಕಟೇಶಪ್ಪನವರನ್ನು ಕೂಗಲಿಲ್ಲ.

ಮುನಿಶಾಮಿಯವರಲ್ಲಿ ಅಕ್ಕಿ ತೂಗಿಸಿ, ಅಲ್ಲಿಂದ ಮುಕ್ಕಾಲು ಮೈಲಿ ದೂರದಲ್ಲಿ ಕೋದಂಡಪ್ಪನವರು ಇಳಿದುಕೊಂಡಿದ್ದ ಬಂಗಲೆಗೆ 9-10ಕ್ಕೆ ಹೋಗಿ ಕೋಲನ್ನು ಅವರ ಮುಂದಿಟ್ಟೆ. ಅವರು ಇಡ್ಲಿ ತಿನ್ನುತ್ತಿದ್ದರು. ಕೋಲನ್ನು ಮುಟ್ಟದೆ, "ಇದರ ಮೇಲೆ ವೆಂಕಟೇಶಪ್ಪ ಅಂತ ಹೆಸರು ಬರೆದಿದೆಯೇನ್ರೀ? ಯಾವ ಸೌದೆ ರಾಶಿಯಲ್ಲಿ ಹುಡುಕಿದರೂ ಇಂಥದ್ದು ಹತ್ತು ಸಿಗುತ್ತೆ" ಎಂದರು. ಆ ಒಂದು ಮಾತು ಮಾತ್ರ ಸರಿಯಾಗಿತ್ತು. ಕೋಲನ್ನು ಮತ್ತೆ ಛತ್ರಿಯೊಳಗೆ ಸೇರಿಸಿಕೊಂಡೆ. ಮುನಿಶಾಮಿಯವರ ಅಂಗಡಿಗೆ ಬಂದು ಕುಳಿತೆ.

ಮಧ್ಯಾಹ್ನ 2-40ಕ್ಕೆ ಪೇದೆಯವರು ಅಲ್ಲಿಗೇ ಬಂದು ನನ್ನನ್ನು ಕರೆತಂದರು. 3-15ಕ್ಕೆ ದಫೇದಾರರು ವೆಂಕಟೇಶಪ್ಪನವರ ದೂರನ್ನು ಓದಿ ಹೇಳಿದರು. ಬೀಟೆ ಮರದ ಹತ್ತು ಅಂಗುಲದ ಕೋಲು, ಒಂದು ಅಂಚು ಸವೆದಿದೆ, ಬೆಲೆ ಒಂದು ರೂಪಾಯಿ, ಜನವರಿ ಮೊದಲ ವಾರದಿಂದ ಅಂಗಡಿಯಲ್ಲಿ ದಿನವೂ ಅಳತೆಗೆ ಬಳಸುತ್ತಿರುವುದು ಎಂದು ಅದರಲ್ಲಿದೆ. ಕೋಲು ಹೋಯಿತೆಂದು ತಿಳಿದ ಗಿರಾಕಿಗಳು ಗೋಪುರ ಕಟ್ಟದೆ ಬಿಡುವುದಿಲ್ಲವೆಂದು ಪಟ್ಟುಹಿಡಿದ ಕಾರಣ ಈ ದಿನ ನಲವತ್ತು ಸೇರು ಅಕ್ಕಿ ಮಾರಾಟದಲ್ಲಿ ಸೇರಿಗೆ ಹನ್ನೆರಡು ತೊಲದಂತೆ ನಷ್ಟವಾಗಿದೆ, ಒಟ್ಟು ನಷ್ಟ ಮೂರು ರೂಪಾಯಿ ನಲವತ್ತಮೂರು ನಯಾ ಪೈಸೆ, ಅದನ್ನು ನನ್ನಿಂದ ವಸೂಲು ಮಾಡಿಸಿಕೊಡಬೇಕು ಎಂದೂ ಇದೆ.

ನಾನು ಇನ್ನೊಂದು ಸಲ ಓದಲು ಕೇಳಿದೆ. ನಲವತ್ತು ಸೇರಿಗೆ ಹನ್ನೆರಡು ತೊಲದಂತೆ ನಾನೂರ ಎಂಬತ್ತು ತೊಲ. ಸೇರು ತೊಂಬತ್ತಾರು ತೊಲವಾಗಿದ್ದರೆ ಅದು ಐದು ಸೇರು, ನಷ್ಟ ಸರಿಯಾಗಿ ಮೂರು ರೂಪಾಯಿ. ಮೂರು ರೂಪಾಯಿ ನಲವತ್ತಮೂರು ಬರಬೇಕಾದರೆ ಸೇರು ಎಂಬತ್ನಾಲ್ಕು ತೊಲವೇ ಆಗಿರಬೇಕು, ಬೇರೆ ಯಾವ ಸೇರಿನಿಂದಲೂ ಆ ಪೈಸೆ ಬರುವುದಿಲ್ಲ. ಹನ್ನೊಂದು ವಾರ ನಾನು ತೂಗಿ ತೂಗಿ ಹೇಳಿದ್ದನ್ನು ವೆಂಕಟೇಶಪ್ಪನವರು ನಲವತ್ತಮೂರು ಪೈಸೆಯ ಆಸೆಗೆ ತಾವೇ ಲೆಕ್ಕ ಹಾಕಿ ರುಜು ಮಾಡಿ ಪೊಲೀಸರಿಗೆ ಕೊಟ್ಟಿದ್ದಾರೆ.

4-30ಕ್ಕೆ ಕೋದಂಡಪ್ಪನವರು ಠಾಣೆಗೆ ಬಂದರು. ದೂರಿನಲ್ಲಿ ಏನಿದೆ ಎಂದು ಓದಿದ ಮೇಲೆ ವೆಂಕಟೇಶಪ್ಪನವರನ್ನು ಜಗಲಿಗೆ ಕರೆದುಕೊಂಡು ಹೋಗಿ ಹತ್ತು ನಿಮಿಷ ಮಾತಾಡಿದರು. ವಾಪಸು ಬಂದಾಗ ವೆಂಕಟೇಶಪ್ಪನವರ ಮುಖ ಬೆವರಿತ್ತು. ದೂರು ವಾಪಸು ತೆಗೆದುಕೊಳ್ಳುತ್ತೇನೆ, ಕೋಲು ಇಟ್ಟುಕೊಳ್ಳಲಿ ಎಂದರು. ಕೋದಂಡಪ್ಪನವರು ನನಗೆ ರಾಜಿಯಾಗಲು ಹೇಳಿದರು. ನನ್ನ ತೂಕಗಳಲ್ಲಿ ತಪ್ಪಾಗಿದೆ ಎಂದು ಎರಡು ಸಾಲು ಬರೆದುಕೊಟ್ಟರೆ ಕೆಲಸವೂ ಉಳಿಯುತ್ತದೆ ಎಂದರು. ನಾನು ಒಪ್ಪಲಿಲ್ಲ. ಕಳ್ಳನ ಪುಸ್ತಕವನ್ನು ಯಾವ ಕಚೇರಿಯೂ ಲೆಕ್ಕಕ್ಕೆ ಹಿಡಿಯುವುದಿಲ್ಲ ಎಂದು ಅವರು ಹೇಳಿದರು. ಬೆಂಗಳೂರಿಗೆ ನನ್ನ ಪುಸ್ತಕ ಹೋಗಬೇಕಾಗಿಲ್ಲ, ಅಂಗಡಿಯವರ ದೂರು ಹೋದರೆ ಸಾಕು, ಅದನ್ನು ಬರೆದವರು ಕಳ್ಳರಲ್ಲ ಎಂದು ತಾವೇ ಹೇಳುತ್ತೀರಿ ಎಂದು ನಾನು ಹೇಳಿದೆ. ಅವರು ಲೆಕ್ಕ ಹಾಕುವ ಸ್ಲೈಡ್ ರೂಲನ್ನು ಜೇಬಿನಿಂದ ತೆಗೆದು ಮತ್ತೆ ಜೇಬಿಗೆ ಹಾಕಿಕೊಂಡರು.

ಕೊನೆಗೆ, "ಬೂದಿಕೋಟೆಯಲ್ಲಿ ಕೋಲು ಕದ್ದವನು ಅನ್ನಿಸಿಕೊಂಡು ತಿರುಗಾಡ್ತೀರೇನ್ರೀ?" ಎಂದರು.

ತಿರುಗಾಡಬೇಕಾಗುತ್ತದೆ. ನನಗೆ ಇದರಿಂದ ನಾಚಿಕೆಯಾಗುತ್ತದೆ, ಆಗುವುದಿಲ್ಲ ಎಂದರೆ ಸುಳ್ಳು. ನನ್ನ ತಂದೆ ದೊಡ್ಡವೆಂಕಟಪ್ಪನವರು ಕಂಡವರ ಹೊಲದ ಒಂದು ತೆನೆ ಮುರಿದವರಲ್ಲ. ಗಂಗರತ್ನಮ್ಮನಿಗೆ ಇನ್ನೂ ವಿಷಯ ಗೊತ್ತಿಲ್ಲ. ಇಪ್ಪತ್ತೆರಡು ರೂಪಾಯಿಯೂ ಹೋಗುತ್ತದೆ.

ಆದರೂ ದೂರನ್ನು ವಾಪಸು ಕೊಡಬಾರದೆಂದು, ರಾಜಿ ಮಾಡಿಸಬಾರದೆಂದು, ನನ್ನ ಮೇಲೆ ಕಳವಿನ ಮೊಕದ್ದಮೆ ದಾಖಲು ಮಾಡಬೇಕೆಂದು ಕೋರುತ್ತೇನೆ. ಕೋಲು ವೆಂಕಟೇಶಪ್ಪನವರದೇ. ಅವರ ಒಪ್ಪಿಗೆ ಇಲ್ಲದೆ ತೆಗೆದುಕೊಂಡೆ. ತಮಾಷೆಗಾಗಲಿ ಮರೆತಾಗಲಿ ಅಲ್ಲ. ನಷ್ಟದ ಮೂರು ರೂಪಾಯಿ ನಲವತ್ತಮೂರು ನಯಾ ಪೈಸೆಯನ್ನು, ಒಂದು ಪೈಸೆ ಚೌಕಾಸಿ ಮಾಡದೆ, ಈಗಲೇ ಮೇಜಿನ ಮೇಲೆ ಇಟ್ಟಿದ್ದೇನೆ. ಅದಕ್ಕೆ ರಸೀತಿ ಬೇಕು. ರಸೀತಿಯಲ್ಲಿ ಎಷ್ಟು ಸೇರಿಗೆ ಎಷ್ಟು ತೊಲದಂತೆ ಎಂದು ವಿವರವಾಗಿ ಬರೆಸಬೇಕು.

ನನ್ನ ಈ ಹೇಳಿಕೆಯ ನಕಲು ನನಗೆ ಬೇಡ. ವೆಂಕಟೇಶಪ್ಪನವರ ದೂರಿನ ನಕಲು ಒಂದನ್ನು ಠಾಣೆಯ ಮೊಹರಿನೊಂದಿಗೆ ಶುಕ್ರವಾರದ ಒಳಗೆ ಕೊಡಿಸಬೇಕು. ಶನಿವಾರದ ಬೆಂಗಳೂರು ಟಪಾಲಿಗೆ ಹಾಕುವುದಿದೆ.

ಬರೆದದ್ದನ್ನು ದಫೇದಾರರು ಓದಿ ಹೇಳಿದರು, ಕೇಳಿದೆ. ನಾನು ಹೇಳಿದಷ್ಟೇ ಇದೆ, ಹೇಳಿದ್ದೆಲ್ಲ ನಡೆದದ್ದೇ ಎಂದು ಒಪ್ಪಿ ರುಜು ಮಾಡಿದ್ದೇನೆ.

ಸ್ಥಳ: ಊರಿಗಾಂ
ತಾರೀಖು: 15-3-1960, ಸಂಜೆ 6-50 ಗಂಟೆ
ಸಹಿ: ಬಿ. ಡಿ. ಶ್ರೀರಾಮಪ್ಪ